ಬೆಟ್ಟದ ಕಾಲುದಾರಿ ಕೆಲಸಕ್ಕೆ ಯಾವ ಹತಾರ ಕೊಳ್ಳಬೇಕು? ಹಾರೆ, ಸನಿಕೆ, ಮಚ್ಚು, ಬ್ರಷ್ ಕಟರ್ ವಿಮರ್ಶೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಟ್ಟದ ಕಾಲುದಾರಿ ಸರಿಮಾಡೋಣ ಎಂದು ಹತ್ತು ಜನ ಸೇರಿದರೆ ಮೊದಲು ಏಳುವ ಮಾತು ಹುಲ್ಲು, ಕುರುಚಲು ಸವರುವ ಎಂಜಿನ್ ಯಂತ್ರವಾದ ಬ್ರಷ್ ಕಟರ್‌ನದು. ಯಾವ ಕಂಪನಿ, ಎಷ್ಟು ಸಿಸಿ, ಯಾರ ಹತ್ತಿರ ಚಂದಾ ಕೇಳೋದು. ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ: ಆ ದುಡ್ಡು ಸದ್ಯಕ್ಕೆ ಎತ್ತಿಡಿ. ಮೊದಲು ಎರಡು ಹಾರೆ, ಮೂರು ಸನಿಕೆ, ಎರಡು ಪಿಕಾಸಿ ತನ್ನಿ. ಮಿಕ್ಕಿದ್ದು ಆಮೇಲೆ ನೋಡೋಣ.

ಕಾರಣ ಮಣ್ಣಿನಲ್ಲಿದೆ. ದೇವರಾಯನದುರ್ಗ, ಚನ್ನರಾಯನದುರ್ಗ, ಅಂತರಗಂಗೆ, ಸ್ಕಂದಗಿರಿ ಎಲ್ಲವೂ ಕಲ್ಲುಬೆಟ್ಟಗಳು. ಬಂಡೆ ಸವೆದು ಉದುರಿದ ಗರಸು ಮಣ್ಣು ಒಂದು ಗೇಣೋ ಎರಡು ಗೇಣೋ ಇರುತ್ತದೆ, ಅದರ ಕೆಳಗೆ ಬರೀ ಬಂಡೆ. ಬಂಡೆ ಮಳೆನೀರು ಹೀರುವುದಿಲ್ಲ, ಬಿದ್ದಷ್ಟೂ ಹರಿಸುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗುಡುಗಿನ ಜೊತೆ ಬರುವ ಜೋರು ಮಳೆ ಅರ್ಧ ಗಂಟೆ ಸುರಿದರೆ ಸಾಕು, ಜನ ತುಳಿದು ತಗ್ಗಾದ ಕಾಲುದಾರಿಯೇ ಹಳ್ಳವಾಗುತ್ತದೆ. ಗರಸು ಕೊಚ್ಚಿಹೋದ ಮೇಲೆ ಬೇರು, ಕಲ್ಲು ಎದ್ದು ನಿಲ್ಲುತ್ತವೆ; ನಡೆಯುವವರು ಪಕ್ಕಕ್ಕೆ ಹೊಸ ದಾರಿ ಮಾಡಿಕೊಳ್ಳುತ್ತಾರೆ; ಮುಂದಿನ ಮಳೆಗೆ ಅದೂ ಕೊರಕಲು. ಗಿಡ ಮುಚ್ಚಿದ ದಾರಿಯನ್ನು ಒಂದು ಬೆಳಗ್ಗೆ ಕೂತು ಬಿಡಿಸಬಹುದು. ಹೋದ ಮಣ್ಣನ್ನು ಮಾತ್ರ ಬೆಟ್ಟದ ಮೇಲೆ ಹೊತ್ತು ತರುವವರು ಯಾರೂ ಇಲ್ಲ. ಹಾಗಾಗಿ ಹತಾರ ಕೊಳ್ಳುವಾಗ ನೀರು ತಿರುಗಿಸುವ ಹತಾರಕ್ಕೆ ಮೊದಲ ಪಾಲು.

ಹಾರೆ

ಐದಕ್ಕೆ ಐದು ಅಂಕ, ಆದರೆ ಸರಿಯಾದದ್ದು ಸಿಕ್ಕರೆ ಮಾತ್ರ. ಅಂಗಡಿಯಲ್ಲಿ ಹಾರೆಯನ್ನು ಉದ್ದ ನೋಡಿ ಕೊಳ್ಳುವವರೇ ಹೆಚ್ಚು. ನೋಡಬೇಕಾದ್ದು ದಪ್ಪ. ಗುಂಡು ಕಬ್ಬಿಣದ ತೂಕಕ್ಕೆ ಕಟ್ಟಡದ ಕಂಬಿ ಬಾಗಿಸಿ ಕಟ್ಟುವ ಬಾರ್ ಬೆಂಡರ್‌ಗಳ ಲೆಕ್ಕ ಎಲ್ಲ ಕಡೆ ನಡೆಯುತ್ತದೆ: ವ್ಯಾಸವನ್ನು ಮಿಲಿಮೀಟರ್‌ನಲ್ಲಿ ತೆಗೆದುಕೊಂಡು ವರ್ಗ ಮಾಡಿ, 162ರಿಂದ ಭಾಗಿಸಿದರೆ ಒಂದು ಮೀಟರ್‌ಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 25 ಮಿ.ಮೀ. ದಪ್ಪದ, ಒಂದೂವರೆ ಮೀಟರ್ ಉದ್ದದ ಹಾರೆ 5.8 ಕಿಲೋ ಸುಮಾರು ಬರಬೇಕು. 32 ಮಿ.ಮೀ.ನದು ಒಂಬತ್ತೂವರೆ ಕಿಲೋ. ಬೆಟ್ಟ ಹತ್ತಿ ಹೊರಲು, ಇಡೀ ಬೆಳಗ್ಗೆ ಎತ್ತಿ ಹಾಕಲು 25ರದೇ ಸರಿ. 32ರದು ಕಲ್ಲುಕ್ವಾರಿಯವರಿಗಿರಲಿ.

ತುದಿಗಳು ಎರಡೂ ಒಂದೇ ಥರ ಇರಬಾರದು. ಒಂದು ಕಡೆ ಮೊನೆ, ಇನ್ನೊಂದು ಕಡೆ ಎರಡು ಬೆರಳಗಲದ ಉಳಿಯಂಥ ಬಾಯಿ. ಬಂಡೆ ಸಂದಿಗೆ ತೂರಿಸಿ ಕಲ್ಲು ಮೀಟುವುದು ಉಳಿ ತುದಿಯಿಂದ. ಮೊನೆ ಗುಂಡಿ ತೋಡಲು. ಕಟ್ಟಡದ ಕೆಲಸದಲ್ಲಿ ಉಳಿದ ಟಿಎಂಟಿ ಕಂಬಿಯ ತುದಿಗೆ ಮೊನೆ ಬಡಿದು ಹಾರೆ ಎಂದು ಮಾರುವುದುಂಟು. ಕೊಳ್ಳಬೇಡಿ. ಆ ಕಂಬಿ ಕಾಂಕ್ರೀಟಿನೊಳಗೆ ಬಾಗಲೆಂದೇ ಮಾಡಿದ್ದು, ಹೊರಮೈ ಗಟ್ಟಿ, ಒಳಗೆ ಮೆದು. ಒಂದು ದಪ್ಪ ಕಲ್ಲಿಗೆ ಮೀಟಿದರೆ ಬಾಗಿ ಕೂರುತ್ತದೆ, ಅದರ ಮೇಲಿನ ಗೆರೆಗಳು ಅಂಗೈ ಸುಲಿಯುತ್ತವೆ.

ಮೀಟುವ ಲೆಕ್ಕ ತಿಳಿದಿದ್ದರೆ ಬೆನ್ನು ಉಳಿಯುತ್ತದೆ. ತುದಿಯಿಂದ 10 ಸೆಂ.ಮೀ. ದೂರಕ್ಕೆ ಒಂದು ಗಟ್ಟಿ ಕಲ್ಲನ್ನು ಒತ್ತುಕೊಟ್ಟರೆ ನಿಮ್ಮ ಕಡೆಗೆ 140 ಸೆಂ.ಮೀ. ಉಳಿಯುತ್ತದೆ, ಅಂದರೆ 14 ಪಟ್ಟು ಬಲ. 30 ಕಿಲೋ ಭಾರ ಬಿಟ್ಟರೆ ಆ ತುದಿಯಲ್ಲಿ 400 ಕಿಲೋ ದಾಟುತ್ತದೆ. ಒತ್ತುಗಲ್ಲನ್ನು ಒಂದಡಿ ದೂರ ಇಟ್ಟರೆ ಅದೇ ಶ್ರಮಕ್ಕೆ ನಾಲ್ಕು ಪಟ್ಟೇ. ಕಲ್ಲು ಎರಡು ಬೆರಳು ಎದ್ದ ಕೂಡಲೇ ಕೆಳಗೆ ಚಕ್ಕೆ ಕಲ್ಲು ತಳ್ಳಿ, ಒತ್ತುಗಲ್ಲು ಎತ್ತರಿಸಿ, ಮತ್ತೆ ಮೀಟಿ. ಚಕ್ಕೆಯನ್ನು ಕೋಲಿನಿಂದ ತಳ್ಳಿ, ಕೈ ಹಾಕಬೇಡಿ. ಬೆರಳು ಜಜ್ಜಿಹೋಗುವುದು ಇದೇ ಕ್ಷಣದಲ್ಲಿ. ಬೆಟ್ಟದಲ್ಲಿ ಕಲ್ಲು ಸಡಿಲಿಸುವಾಗ ಕೆಳಗಿನ ತಿರುವಿನಲ್ಲಿ ಯಾರೂ ಇಲ್ಲವೆಂದು ನೋಡಲು ಒಬ್ಬರನ್ನು ಬೇರೆಯೇ ನಿಲ್ಲಿಸಬೇಕು.

ಸನಿಕೆ

ಸನಿಕೆ ಅಂದರೆ ಎಲ್ಲ ಒಂದೇ ಅಂದುಕೊಂಡವರು ಗದ್ದೆಗೆ ತಂದದ್ದನ್ನೇ ಬೆಟ್ಟಕ್ಕೆ ಒಯ್ಯುತ್ತಾರೆ. ಮೆದುಮಣ್ಣಿಗೆ ಮಾಡಿದ ಅಗಲ ಎಲೆಯ ಸನಿಕೆ ಗರಸಿನಲ್ಲಿ ಕಲ್ಲಿಗೆ ತಾಗಿ ಬಾಯಿ ಮಡಚಿಕೊಳ್ಳುತ್ತದೆ. ಇಲ್ಲಿಗೆ ಬೇಕಾದ್ದು ಎಲೆ ಕಿರಿದು, ದಪ್ಪ ಹೆಚ್ಚು, ಕಾವು (ಮರದ ಹಿಡಿ) ಬಿಟ್ಟು ಒಂದೂವರೆಯಿಂದ ಎರಡು ಕಿಲೋ ತೂಗುವಂಥದ್ದು. ಕೊಳ್ಳುವಾಗ ಕಾವು ತೂರುವ ಕಣ್ಣನ್ನು ನೋಡಿ. ಎಲೆಯೂ ಕಣ್ಣೂ ಒಂದೇ ಕಬ್ಬಿಣದಲ್ಲಿ ಬಡಿದದ್ದಾದರೆ ವರ್ಷಗಟ್ಟಲೆ ಬಾಳುತ್ತದೆ. ತಗಡು ಕತ್ತರಿಸಿ, ಪೈಪಿನ ತುಂಡು ವೆಲ್ಡ್ ಮಾಡಿದ್ದಾದರೆ ವೆಲ್ಡಿನ ಪಕ್ಕದಲ್ಲೇ ಸೀಳು ಬಿಡುತ್ತದೆ, ಏಕೆಂದರೆ ಪ್ರತಿ ಪೆಟ್ಟಿನ ಅದಿರಾಟವೂ ಅಲ್ಲಿಗೇ ಬಂದು ನಿಲ್ಲುತ್ತದೆ. ಟಾಟಾ ಅಗ್ರಿಕೊದಂಥ ಕಾರ್ಖಾನೆ ಮಾಲು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ, ಗುಣಮಟ್ಟ ಒಂದೇ ಸಮ ಇರುತ್ತದೆ, ಆಯ್ದು ಕೊಳ್ಳಲು ಪುರುಸೊತ್ತಿಲ್ಲದವರಿಗೆ ಅದೇ ವಾಸಿ. ಆದರೂ ಕಿರಿದು ಎಲೆ ಬೇಕೆಂದರೆ ಕುಲುಮೆಗೇ ಹೋಗಬೇಕು.

ಈ ಹತಾರದ ನಿಜವಾದ ಪರೀಕ್ಷೆ ಅಡ್ಡಗಲ್ಲು ಕೂರಿಸುವಾಗ. ಓದುವವರಿಗೆ ಉಪಯೋಗವಾಗಲೆಂದು ಆ ಕೆಲಸವನ್ನೇ ಬಿಡಿಸಿ ಹೇಳುತ್ತೇವೆ.

ದಾರಿಯಲ್ಲಿ ಹರಿದು ಬರುವ ನೀರನ್ನು ಇಳಿಜಾರಿನ ಪಕ್ಕಕ್ಕೆ ದೂಡಲು ಒಂದು ಕಲ್ಲಿನ ಸಾಲು ಬೇಕು. ಅದನ್ನು ದಾರಿಗೆ ನೇರ ಅಡ್ಡವಾಗಿ ಹಾಕಿದರೆ ನೀರು ಅಲ್ಲೇ ನಿಂತು ಹೂಳು ಬಿಡುತ್ತದೆ, ಎರಡೇ ಮಳೆಗೆ ತುಂಬಿ ಮೇಲಿಂದ ಹರಿಯುತ್ತದೆ. ಸುಮಾರು 45 ಡಿಗ್ರಿ ಓರೆಯಾಗಿ ಹಾಕಿದರೆ ನೀರಿನ ಓಟವೇ ಹೂಳನ್ನು ಎಳೆದೊಯ್ಯುತ್ತದೆ. ದಾರಿ 1.2 ಮೀಟರ್ ಅಗಲವಿದ್ದರೆ ಓರೆಯಲ್ಲಿ ಅದು 1.7 ಮೀಟರ್ ಆಗುತ್ತದೆ. ಎರಡೂ ತುದಿ ದಾರಿಯಿಂದಾಚೆಗೆ ಒಂದೊಂದು ಅಡಿ ಚಾಚಬೇಕು, ಅಲ್ಲಿಗೆ 2.3 ಮೀಟರ್. 60 ಸೆಂ.ಮೀ. ಉದ್ದ, 30 ಎತ್ತರ, 20 ದಪ್ಪದ ನಾಲ್ಕು ಕಲ್ಲು ಸಾಕು. ಅಂಥ ಒಂದೊಂದು ಕಲ್ಲೂ 95 ಕಿಲೋ ಹತ್ತಿರ ತೂಗುತ್ತದೆ. ಹಾರೆ ಯಾಕೆ ಮೊದಲು ಅಂದೆವೋ ಈಗ ಗೊತ್ತಾಗಿರಬೇಕು.

ಓರೆಗೆರೆಗೆ ದಾರ ಕಟ್ಟಿ, ಪಿಕಾಸಿಯಲ್ಲಿ ಒಡೆದು, ಸನಿಕೆಯಲ್ಲಿ 20 ಸೆಂ.ಮೀ. ಆಳದ ಕಾಲುವೆ ತೆಗೆಯಿರಿ. ಕಲ್ಲಿನ ಮೂರರಲ್ಲಿ ಎರಡು ಪಾಲು ನೆಲದೊಳಗೆ, ಹೊರಗೆ ಕಾಣುವುದು 10 ಸೆಂ.ಮೀ. ಮಾತ್ರ. ಅದಕ್ಕಿಂತ ಎತ್ತರ ಬಿಟ್ಟರೆ ನಡೆಯುವವರು ಎಡವುತ್ತಾರೆ, ಇಲ್ಲವೇ ಸುತ್ತಿ ಹೋಗಿ ಪಕ್ಕದಲ್ಲಿ ಇನ್ನೊಂದು ಕೊರಕಲು ಮಾಡುತ್ತಾರೆ. ಕೆಳಗಿನ ತುದಿಯಿಂದ ಜೋಡಿಸುತ್ತಾ ಮೇಲಕ್ಕೆ ಬನ್ನಿ, ಮೇಲಿನ ಕಲ್ಲಿನ ತುದಿ ಕೆಳಗಿನದರ ಮುಂದಕ್ಕೆ ಸ್ವಲ್ಪ ಹಾಯಲಿ, ಆಗ ಸಂದಿಗೆ ನೀರು ನುಗ್ಗುವುದಿಲ್ಲ. ಸಂದಿಗಳಿಗೆ ಚಕ್ಕೆ ಬಡಿದು, ಕಲ್ಲಿನ ಮೇಲೆ ಇಬ್ಬರು ನಿಂತು ಕುಣಿದರೂ ಅಲ್ಲಾಡಬಾರದು. ಅಲ್ಲಾಡಿದರೆ ಕಿತ್ತು ಮತ್ತೆ ಕೂರಿಸಿ, ಮಣ್ಣು ತುಂಬಿ ಸಮಾಧಾನಪಟ್ಟುಕೊಂಡರೆ ಪ್ರಯೋಜನವಿಲ್ಲ.

ಹೆಚ್ಚಿನ ಗುಂಪುಗಳು ಇಲ್ಲಿಗೆ ಕೆಲಸ ಮುಗಿಯಿತೆಂದು ಫೋಟೊ ತೆಗೆಸಿಕೊಳ್ಳುತ್ತವೆ. ಹೊರಹರಿವು ಇನ್ನೂ ಬಾಕಿ. ಸಾಲಿನ ಕೆಳತುದಿಯಿಂದ ಕನಿಷ್ಠ ಒಂದು ಮೀಟರ್ ದೂರದವರೆಗೆ, ಹೋದಂತೆ ಅಗಲವಾಗುವ ಕಾಲುವೆ ಬೇಕು, ಅಗೆದ ಮಣ್ಣನ್ನು ಅದರ ಬಾಯಿಗೇ ಗುಡ್ಡೆ ಹಾಕಬಾರದು. ಆ ಮಣ್ಣನ್ನು ಬಾಂಡ್ಲಿಯಲ್ಲಿ ಹೊತ್ತು ಸಾಲಿನ ಕೆಳಗಡೆಯ ದಾರಿಗೆ ಹಾಕಿ ತುಳಿಯಿರಿ. ನೀರು ಬೀಳುವ ಜಾಗ ಯಾರದಾದರೂ ಹೊಲವೋ ಮಾವಿನ ತೋಪೋ ಆಗಿದ್ದರೆ ಕೇಳದೆ ತಿರುಗಿಸಬೇಡಿ. ದಾರಿ ಉಳಿಸಲು ಹೋಗಿ ಬದು ಒಡೆದರೆ ಆ ಊರಿನಲ್ಲಿ ಮತ್ತೆ ನಿಮಗೆ ನೀರೂ ಸಿಗುವುದಿಲ್ಲ.

ಇಳಿಜಾರು ಹತ್ತಕ್ಕೆ ಒಂದಕ್ಕಿಂತ ಕಡಿಮೆ ಇರುವಲ್ಲಿ ಕಲ್ಲೇ ಬೇಡ. ದಾರಿಯನ್ನೇ ಮೂರು ನಾಲ್ಕು ಮೀಟರ್ ಉದ್ದಕ್ಕೆ ತಟ್ಟೆಯಂತೆ ತಗ್ಗಿಸಿ ಹೊರಗಡೆಗೆ ಬಾಯಿ ಬಿಟ್ಟರೆ ನೀರು ತಾನೇ ಇಳಿಯುತ್ತದೆ. ಇದಕ್ಕೆ ಸನಿಕೆ ಒಂದಿದ್ದರೆ ಸಾಕು, ಎಡವುವ ಭಯವಿಲ್ಲ, ದನ ಮೇಕೆಗಳೂ ಕೆಡಿಸುವುದಿಲ್ಲ. ಇನ್ನು ದಾರಿಯ ಹೊರ ಅಂಚು ಒಳ ಅಂಚಿಗಿಂತ ತುಸು ತಗ್ಗಿರಬೇಕು: ಒಂದು ಮೀಟರ್ ಪಟ್ಟಿಯ ಮೇಲೆ ಗಾರೆಯವರ ರಸಮಟ್ಟ ಇಟ್ಟು ನೋಡಿ, ಹೊರಗಡೆ 5 ಸೆಂ.ಮೀ. ಇಳಿದಿದ್ದರೆ ಸರಿ. ಜನ ನಡೆದಂತೆ ಮಧ್ಯ ತಗ್ಗಿ ಹೊರ ಅಂಚಿನಲ್ಲಿ ಮಣ್ಣಿನ ದಿಣ್ಣೆ ಏಳುತ್ತದೆ. ಮಳೆಗಾಲಕ್ಕೆ ಮುಂಚೆ ಅದನ್ನು ಸನಿಕೆಯಲ್ಲಿ ಕೆತ್ತಿ ಒಳಕ್ಕೆ ಎಳೆಯುವುದೇ ವರ್ಷದ ಅತಿ ಮುಖ್ಯ ಕೆಲಸ, ಮತ್ತು ಯಾರೂ ಮಾಡದ ಕೆಲಸ.

ಪಿಕಾಸಿ

ಹೇಳುವಂಥದ್ದು ಹೆಚ್ಚಿಲ್ಲ. ಒಂದು ಕಡೆ ಮೊನೆ, ಒಂದು ಕಡೆ ಅಗಲ ಬಾಯಿ ಇರುವುದನ್ನೇ ತನ್ನಿ, ಅಗಲದ್ದು ಬೇರು ಕಡಿಯಲು ಬೇಕು. ಕಾವನ್ನು ಮೇಲಿನಿಂದ ಇಳಿಬಿಟ್ಟು, ದಪ್ಪ ತುದಿ ಕಣ್ಣಿನಲ್ಲಿ ಕಚ್ಚಿಕೊಳ್ಳುವಂತಿದ್ದರೆ ಬೀಸಿದಷ್ಟೂ ಬಿಗಿಯಾಗುತ್ತದೆ. ಕೆಳಗಿನಿಂದ ತೂರಿಸಿ ಬೆಣೆ ಹೊಡೆದದ್ದು ಬೇಸಿಗೆಯಲ್ಲಿ ಮರ ಒಣಗಿದ ಕೂಡಲೇ ಸಡಿಲವಾಗಿ ತಲೆ ಹಾರುತ್ತದೆ. ಬೀಸುವವರ ನಡುವೆ ಮೂರು ಮೀಟರ್ ಅಂತರ ಕಡ್ಡಾಯ.

ಮಚ್ಚು, ಕತ್ತರಿ, ಮತ್ತು ಲಾಂಟಾನ

ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲಿ ಬಡಿದ, ತುದಿ ಬಾಗಿದ ಮಚ್ಚು ನಮ್ಮ ಕಡೆಯ ಕುಲುಮೆಗಳ ಹೆಮ್ಮೆ. ಸ್ಪ್ರಿಂಗ್ ಕಬ್ಬಿಣವಾದ್ದರಿಂದ ಅಲಗು ಬೇಗ ಮೊಂಡಾಗುವುದಿಲ್ಲ. ಅದೇ ಕಬ್ಬಿಣವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಕೂದಲೆಳೆಯ ಸೀಳು ಬರುವ ಸಂಭವ ಹೆಚ್ಚು, ಎಣ್ಣೆಗೆ ಅದ್ದಿ ಹದ ಮಾಡಿಸಿ. ತಂದ ಮೇಲೆ ದಾರದಲ್ಲಿ ತೂಗುಬಿಟ್ಟು ಕಲ್ಲಿನಿಂದ ತಟ್ಟಿ: ಠಣ್ಣೆಂದರೆ ಸರಿ, ಮಂಕು ಸದ್ದು ಬಂದರೆ ಒಳಗೆ ಸೀಳಿದೆ, ವಾಪಸ್ ಕೊಡಿ.

ಮಚ್ಚಿಗೆ ನಾಲ್ಕು ಅಂಕ ಮಾತ್ರ. ತಪ್ಪು ಹತಾರದ್ದಲ್ಲ, ಬಳಸುವ ರೀತಿಯದ್ದು. ಓರೆಯಾಗಿ ಬೀಸಿ ಗಿಡವನ್ನು ಗೇಣೆತ್ತರಕ್ಕೆ ಕಡಿದರೆ ದಾರಿಯುದ್ದಕ್ಕೂ ಚೂಪು ಕೊರಟು ನಿಲ್ಲುತ್ತವೆ. ಚಪ್ಪಲಿಯಲ್ಲಿ ಹತ್ತುವ ಭಕ್ತರಿಗೆ, ಕತ್ತಲಲ್ಲಿ ಸೂರ್ಯೋದಯ ನೋಡಲು ಓಡುವ ಹುಡುಗರಿಗೆ ಅದು ಮೊಳೆಯ ಹಾಸಿಗೆ. ಬಂದರೆ ಗಿಡ, ಕಾರೆ ಗಿಡ ಮುಂತಾದ ನಮ್ಮ ಕುರುಚಲನ್ನು ಬುಡಸಮೇತ ತೆಗೆಯುವ ಅಗತ್ಯವೇ ಇಲ್ಲ. ದಾರಿಗೆ ಚಾಚಿದ ಕೊಂಬೆಯನ್ನು ಕತ್ತರಿಯಿಂದ ಕವಲಿನ ಹತ್ತಿರಕ್ಕೆ ಕತ್ತರಿಸಿದರೆ ಸಾಕು. ಅವುಗಳ ಬೇರೇ ಇಳಿಜಾರಿನ ಗರಸನ್ನು ಹಿಡಿದಿರುವುದು. ದಾರಿ ನಾಲ್ಕಡಿ ಅಗಲ, ಏಳೆಂಟು ಅಡಿ ಎತ್ತರಕ್ಕೆ ಬಯಲಾದರೆ ಆಯಿತು, ಜೀಪು ಓಡಿಸಬೇಕಿಲ್ಲ. ಕತ್ತರಿ ಕೊಳ್ಳುವಾಗ ಎರಡು ಅಲಗೂ ಪಕ್ಕಪಕ್ಕ ಜಾರುವಂಥದ್ದು ತನ್ನಿ. ಒಂದು ಅಲಗು ಚಪ್ಪಟೆ ಪಟ್ಟಿಯ ಮೇಲೆ ಬಂದು ಒತ್ತುವ ಬಗೆಯದು ಹಸಿ ಕೊಂಬೆಯನ್ನು ಜಜ್ಜುತ್ತದೆ.

ಲಾಂಟಾನದ ಕಥೆ ಬೇರೆ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಗಿಡ ಈಗ ನಮ್ಮ ಬೆಟ್ಟಗಳ ತಪ್ಪಲನ್ನೆಲ್ಲ ಹಿಡಿದಿದೆ. ಮಚ್ಚಿನಿಂದ ಕಡಿದಷ್ಟೂ ಅದಕ್ಕೆ ಖುಷಿ: ಒಂದು ಕಾಂಡ ಇದ್ದಲ್ಲಿ ಬುಡದಿಂದ ನಾಲ್ಕಾರು ಚಿಗುರೊಡೆಯುತ್ತದೆ. ಚಿಗುರುವ ಗಂಟು ಇರುವುದು ನೆಲಮಟ್ಟದಲ್ಲಿ. ಅದರ ಕೆಳಗೆ, ಮಣ್ಣಿನೊಳಗೆ ಮೂರರಿಂದ ಐದು ಸೆಂ.ಮೀ. ಆಳದಲ್ಲಿ, ತಾಯಿಬೇರನ್ನು ಪಿಕಾಸಿಯ ಅಗಲ ಬಾಯಿಂದ ಕಡಿದು ಪೊದೆಯನ್ನು ಬುಡ ಮೇಲಾಗಿ ಮಗುಚಿ ಇಡಬೇಕು. ಬೇರಿಗೆ ಮಣ್ಣು ತಾಗದಿದ್ದರೆ ಅದು ಮತ್ತೆ ಹಿಡಿಯುವುದಿಲ್ಲ. ಹಣ್ಣು ಕಪ್ಪಾಗುವ ಮುಂಚೆ ಮಾಡಿ, ಹಕ್ಕಿಗಳು ತಿಂದು ಬೀಜ ಹರಡಿಬಿಟ್ಟರೆ ಕಡಿದದ್ದೆಲ್ಲ ದಂಡ. ಮಳೆ ಬಂದ ಮಾರನೆಯ ದಿನ ನೆಲ ಮೆದುವಾಗಿರುತ್ತದೆ, ಅರ್ಧ ಶ್ರಮ ಉಳಿಯುತ್ತದೆ. ತೆಗೆದ ಪೊದೆಯನ್ನು ದಾರಿ ಪಕ್ಕದಲ್ಲೇ ಉದ್ದಕ್ಕೆ ಒಟ್ಟಬೇಡಿ, ಫೆಬ್ರವರಿ ಹೊತ್ತಿಗೆ ಒಣಗಿ ಬೆಂಕಿಗೆ ಬತ್ತಿ ಇಟ್ಟಂತಾಗುತ್ತದೆ. ತೆಗೆದ ಜಾಗಕ್ಕೆ ಬಿಸಿಲು ಬಿದ್ದು ಹೊಸ ಸಸಿ ಏಳುತ್ತವೆ, ಮುಂದಿನ ಮಳೆಗಾಲ ಮುಗಿದ ಮೇಲೆ ಮತ್ತೆ ಹೋಗಿ ಕೈಯಿಂದ ಕೀಳಬೇಕು. ಆ ಎರಡನೇ ಸುತ್ತಿಗೆ ಜನ ಸಿಗದಿದ್ದರೆ ಮೊದಲನೆಯದಕ್ಕೆ ಕೈಹಾಕುವುದೇ ಬೇಡ.

ಕೈಗವಸು: ಲಾಂಟಾನದ ಮುಳ್ಳು ಹಿಂದಕ್ಕೆ ಬಾಗಿರುತ್ತದೆ, ಬಟ್ಟೆ ಗವಸನ್ನೂ ತೋಟಕ್ಕೆಂದು ಮಾರುವ ರಬ್ಬರ್ ಗವಸನ್ನೂ ಲೆಕ್ಕಕ್ಕೇ ಇಡುವುದಿಲ್ಲ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಚರ್ಮದ ಉದ್ದ ಗವಸು ಅಗ್ಗ, ಮೊಣಕೈವರೆಗೂ ಬರುತ್ತದೆ. ಬಳ್ಳಾರಿ ಜಾಲಿಯ ಮುಳ್ಳಿಗೆ ಅದೂ ಸಾಲದು, ಜಾಲಿಯನ್ನು ಕೋಲಿನಿಂದಲೇ ಎಳೆಯಿರಿ. ಕಾಂಗ್ರೆಸ್ ಗಿಡ ಕೀಳುವಾಗ ತೋಳು ಮುಚ್ಚಿರಲಿ, ಕೆಲವರಿಗೆ ಮೈಯೆಲ್ಲ ತುರಿಕೆ ಏಳುತ್ತದೆ.

ಬ್ರಷ್ ಕಟರ್

ಐದಕ್ಕೆ ಎರಡು. ಬಂಡಿದಾರಿಯ ಅಂಚಿನ ಹುಲ್ಲು, ಜಾತ್ರೆಗೆ ಮುಂಚೆ ಕಿಲೋಮೀಟರುಗಟ್ಟಲೆ ಸವರಬೇಕಾದ ಸಮತಟ್ಟು ಜಾಗ, ಇಂಥ ಕಡೆ ಇದಕ್ಕೆ ಸಾಟಿಯಿಲ್ಲ, ಎರಡಂಕ ಅದಕ್ಕೇ. ಕಲ್ಲುಬೆಟ್ಟದಲ್ಲಿ ಮಾತ್ರ ಒಂದೊಂದು ಭಾಗವೂ ಕೈಕೊಡುತ್ತದೆ. ನೈಲಾನ್ ದಾರದ ತಲೆ ಹುಲ್ಲಿಗೆ ಸರಿ, ಬಂಡೆಗೆ ಉಜ್ಜಿ ನಿಮಿಷಗಳಲ್ಲಿ ಸವೆಯುತ್ತದೆ, ಸವೆದ ಪ್ಲಾಸ್ಟಿಕ್ ಚೂರೆಲ್ಲ ಕಾಡಿನಲ್ಲೇ ಉಳಿಯುತ್ತದೆ. ಮೂರು ಹಲ್ಲಿನ ಬ್ಲೇಡು ಕುರುಚಲನ್ನು ಕತ್ತರಿಸುತ್ತದೆ, ಆದರೆ ಹುಲ್ಲಿನೊಳಗೆ ಅಡಗಿದ ಕಲ್ಲಿಗೆ ತಾಗಿದರೆ ಯಂತ್ರವೇ ಪಕ್ಕಕ್ಕೆ ಒದೆಯುತ್ತದೆ. ಕಡಿದಾದ ಇಳಿಜಾರಿನಲ್ಲಿ ಕಾಲಡಿಯ ಗರಸು ಜಾರುತ್ತಿರುವಾಗ ಆ ಒದೆತ ತಡೆಯುವುದು ಕಷ್ಟ. ಹಾರುವ ಕಲ್ಲಿನ ದೆಸೆಯಿಂದ ಸುತ್ತ 15 ಮೀಟರ್ ಯಾರೂ ಇರಬಾರದು. ಕಾಲುದಾರಿಯಲ್ಲಿ ಅದರ ಅರ್ಥ ಒಬ್ಬ ಯಂತ್ರ ಹಿಡಿದರೆ ಉಳಿದವರೆಲ್ಲ ಕೈಕಟ್ಟಿ ನಿಲ್ಲುವುದು. ಬಂಡೆಯ ಅಂಚಿನಲ್ಲಿ ಹೆಜ್ಜೇನು ಇದ್ದರೆ ಎಂಜಿನ್ ಶುರುಮಾಡುವ ಮಾತೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ, ಅದು ಲಾಂಟಾನವನ್ನು ನೆಲದ ಮೇಲೇ ಕತ್ತರಿಸುತ್ತದೆ, ಬೇರು ಮುಟ್ಟುವುದಿಲ್ಲ.

ಈಗಾಗಲೇ ಕೊಂಡುಬಿಟ್ಟಿದ್ದರೆ ಇಷ್ಟು ನೋಡಿಕೊಳ್ಳಿ. ಟೂ ಸ್ಟ್ರೋಕ್ ಎಂಜಿನ್‌ಗೆ ಎಣ್ಣೆ ಎಷ್ಟೆಂದು ಅದರ ಪುಸ್ತಕದಲ್ಲಿರುತ್ತದೆ: 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದಿದ್ದರೆ 40. ಅಂದಾಜಿನಲ್ಲಿ ಕಡಿಮೆ ಸುರಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ತೇವ ಹೀರುತ್ತದೆ. ತಿಂಗಳಿಗೊಮ್ಮೆ ಬಳಸುವ ಗುಂಪು ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಇಡಬೇಕು. ಇಲ್ಲವಾದರೆ ಮುಂದಿನ ಭಾನುವಾರ ಹಗ್ಗ ಎಳೆಯುವುದರಲ್ಲೇ ಕಳೆಯುತ್ತದೆ.

ಕುಲುಮೆಯ ಸೇವೆ

ತುಮಕೂರಿನ ಮಂಡಿಪೇಟೆಯ ಕಡೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿದ್ಧ ಮಾಲು ಸಿಗುತ್ತದೆ, ಶಿವರಾತ್ರಿಯ ಸಿದ್ಧಗಂಗೆ ಜಾತ್ರೆಯಂಥ ಕಡೆ ಹಗ್ಗ, ಕಾವು, ಕಬ್ಬಿಣದ ಸಾಮಾನು ನೋಡಿ ಆಯಬಹುದು. ಆದರೆ ಹಾರೆ ಪಿಕಾಸಿಗಳನ್ನು ಕೊಂಡರೆ ಮುಗಿಯಲಿಲ್ಲ. ಕಲ್ಲಿನಲ್ಲಿ ದುಡಿದ ಮೊನೆ ಸವೆದು ಗುಂಡಾಗುತ್ತದೆ, ಅದನ್ನು ಗ್ರೈಂಡರ್‌ಗೆ ಹಿಡಿದರೆ ಚೂಪು ಬರುತ್ತದೆ ನಿಜ, ಬಿಸಿಗೆ ನೀಲಿ ತಿರುಗಿ ಹದವೂ ಹೋಗುತ್ತದೆ. ಕುಲುಮೆಯಲ್ಲಿ ಕಾಯಿಸಿ ತಟ್ಟಿಸುವುದೇ ಸರಿಯಾದ ದಾರಿ. ತುದಿಯ ಎರಡು ಇಂಚು ಮಾತ್ರ ಹದ ಮಾಡಿ ಎಂದು ಹೇಳಿ. ಉದ್ದಕ್ಕೂ ಗಡಸಾದ ಹಾರೆ ಮೀಟುವಾಗ ಮುರಿಯುತ್ತದೆ. ಸಂತೆಯ ದಿನ ಹೋಗಬೇಡಿ. ಮೇ, ಜೂನ್‌ನಲ್ಲೂ ಬೇಡ, ಆಗ ರೈತರ ನೇಗಿಲು, ಕುಂಟೆ, ಕೂರಿಗೆಯ ಸರದಿ, ಭಾನುವಾರದ ಹವ್ಯಾಸಿಗಳು ಕಾಯಬೇಕಾದ್ದೇ ನ್ಯಾಯ.

ಕಾವಿಗೆ ದಿಂಡಿಗ ಅಥವಾ ತಡಸಲು ಸಿಕ್ಕರೆ ಕಣ್ಣುಮುಚ್ಚಿ ತನ್ನಿ, ಪೆಟ್ಟಿನ ಅದಿರಾಟ ತಡೆಯುತ್ತವೆ. ಜಾಲಿಯೂ ನಡೆಯುತ್ತದೆ. ಕೋಲಾರದ ಕಡೆ ಸುಲಭಕ್ಕೆ ಸಿಗುವ ನೀಲಗಿರಿ ಕೋಲು ಒಣಗುತ್ತಾ ಎಳೆಗುಂಟ ಸೀಳುತ್ತದೆ. ಯಾವ ಮರವಾದರೂ ಎಳೆ ತುದಿಯಿಂದ ತುದಿಗೆ ನೇರ ಓಡಿರಬೇಕು, ನಡುವೆ ಗಂಟು ಇರಬಾರದು.

ಎಲ್ಲಿ ಬಳಸಬಹುದು

ಹತಾರ ಕೈಯಲ್ಲಿದೆ ಎಂದು ಎಲ್ಲ ಕಡೆ ಅಗೆಯುವಂತಿಲ್ಲ. ಮೀಸಲು ಅರಣ್ಯದೊಳಗೆ ವಲಯ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಮಚ್ಚು ಒಯ್ಯುವುದೇ ಅಪರಾಧಕ್ಕೆ ಹತ್ತಿರ. ಮಧುಗಿರಿಯಂಥ ಸಂರಕ್ಷಿತ ಕೋಟೆಗಳಲ್ಲಿ ಕಲ್ಲು ಕದಲಿಸುವ ಹಾಗಿಲ್ಲ, ಗೋಡೆಯಿಂದ ಬಿದ್ದ ಕಲ್ಲನ್ನು ಅಡ್ಡಗಲ್ಲು ಮಾಡುವುದಂತೂ ಕೂಡದು; ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ನಿಷೇಧಿತ ವಲಯ. ಊರ ನಡುವಿನ ಕಾಲುದಾರಿ, ಬಂಡಿದಾರಿಗಳಾದರೆ ಗ್ರಾಮ ನಕಾಶೆ ತೆಗೆಸಿ ನೋಡಿ. ಸಾರ್ವಜನಿಕ ದಾರಿ, ಹಳ್ಳ, ಕೆರೆಗಳು ಬಿ ಖರಾಬಿನಲ್ಲಿ, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಸಾಗುವಳಿಯಿಲ್ಲದ ಜಮೀನಿನಲ್ಲಿ, ಬರುತ್ತವೆ. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಆದರೆ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಹೇಳುತ್ತದೆ. ನಾಲ್ಕಡಿ ದಾರಿಯ ತಕರಾರು ಅದರಿಂದ ತೀರುವುದಿಲ್ಲ, ಸರ್ವೆಯವರೇ ಬರಬೇಕು.

ತುಮಕೂರು ಜಿಲ್ಲೆಯ ಗುಡ್ಡಗಳಲ್ಲಿ ಕರಡಿ ಇದೆ, ಲಾಂಟಾನದ ಪೊದೆಯ ನೆರಳೆಂದರೆ ಅದಕ್ಕೆ ಇಷ್ಟ. ಬೆಳಕು ಚೆನ್ನಾಗಿ ಹರಿದ ಮೇಲೆ ಶುರುಮಾಡಿ, ಸಂಜೆ ಐದಕ್ಕೆ ಮುಂಚೆ ಇಳಿಯಿರಿ, ಪೊದೆಗೆ ಕೈಹಾಕುವ ಮೊದಲು ಬಾಂಡ್ಲಿ ಬಡಿದು ಸದ್ದು ಮಾಡಿ.

ಹತ್ತು ಜನರ ಗುಂಪಿಗೆ ನಮ್ಮ ಪಟ್ಟಿ: ಹಾರೆ ಎರಡು, ಸನಿಕೆ ಮೂರು, ಪಿಕಾಸಿ ಎರಡು, ಮಚ್ಚು ಎರಡು, ಕತ್ತರಿ ಒಂದು, ಮಡಚುವ ಗರಗಸ ಒಂದು, ಬಾಂಡ್ಲಿ ನಾಲ್ಕು, ಖಾಲಿ ಸಿಮೆಂಟ್ ಚೀಲ ಆರು, ರಸಮಟ್ಟ, ದಾರ, ಹತ್ತು ಜೊತೆ ಗವಸು. ಹೊಸ ಬ್ರಷ್ ಕಟರ್ ಒಂದರ ದುಡ್ಡಿನಲ್ಲಿ ಇದರ ಬಹುಪಾಲು ಬರುತ್ತದೆ. ಕಾವುಗಳಿಗೆ ಕೆಂಪೋ ಹಳದಿಯೋ ಬಣ್ಣ ಬಳಿದು ನಂಬರ್ ಹಾಕಿ, ಹುಲ್ಲಿನಲ್ಲಿ ಬಿದ್ದ ಮಚ್ಚು ಇಲ್ಲದಿದ್ದರೆ ಕಾಣುವುದಿಲ್ಲ. ಕಬ್ಬಿಣಕ್ಕೆ ಹಳೆ ಎಂಜಿನ್ ಎಣ್ಣೆ, ಕಾವಿಗೆ ಅಗಸೆ ಎಣ್ಣೆ ಸವರಿ ನಿಲ್ಲಿಸಿಡಿ. ಹಸಿ ನೆಲದ ಮೇಲೆ ಮಲಗಿಸಿದರೆ ಕಾವಿಗೆ ಗೆದ್ದಲು ಹಿಡಿಯುತ್ತದೆ.